ಬಣ್ಣ ಬೇರೆ, ಚಾಸಿ ಒಂದೇ: ದಿನಬಳಕೆಗೆ ಯಾವ ಬ್ರೌಸರ್?

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ನನ್ನ ರಿಪೇರಿ ಅಂಗಡಿ. ಲ್ಯಾಪ್‌ಟಾಪ್ ಹಿಡಿದು ಬರುವವರಲ್ಲಿ ಹೆಚ್ಚಿನವರ ಮಾತು ಒಂದೇ: "ತುಂಬಾ ನಿಧಾನವಾಗಿದೆ, ವೈರಸ್ ಬಂದಿರಬೇಕು." ತೆರೆದು ನೋಡಿದರೆ ಯಂತ್ರಕ್ಕೆ ಜ್ವರವೂ ಇಲ್ಲ, ನೆಗಡಿಯೂ ಇಲ್ಲ. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್‌ಗಳು ತೆರೆದು ಕುಳಿತಿರುತ್ತವೆ. ಎಂದೋ ಒಂದು ಜಾತಕದ ಸೈಟಿಗೆ ಕೊಟ್ಟ ಅನುಮತಿಯಿಂದಾಗಿ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂಬ ಸುಳ್ಳು ನೋಟಿಫಿಕೇಶನ್ ನಿಮಿಷಕ್ಕೊಮ್ಮೆ ಪುಟಿಯುತ್ತಿರುತ್ತದೆ. ಅವನ್ನೆಲ್ಲ ಗುಡಿಸಿ ಕೊಟ್ಟ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ಹಾಗಾದರೆ ಯಾವುದು ಒಳ್ಳೆಯದು ಮಾರಾಯರೇ? ಮಗ ಬ್ರೇವ್ ಎನ್ನುತ್ತಾನೆ, ಆಫೀಸಿನವರು ಎಡ್ಜ್ ಎನ್ನುತ್ತಾರೆ, ನನಗೆ ಕ್ರೋಮ್ ಬಿಟ್ಟರೆ ಬೇರೆ ಗೊತ್ತಿಲ್ಲ."

ಗಿರಾಕಿಗಳ ನಡುವೆ ನಿಂತು ಕೊಟ್ಟ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧ ಇಲ್ಲಿದೆ.

ಮೊದಲು ಅಳತೆಗೋಲು

ವೇಗವನ್ನು ನಾನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಇಂದಿನ ಬ್ರೌಸರ್‌ಗಳ ನಡುವಿನ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಆಟಿಯ ಮಳೆಗೆ ಮರ ಬಿದ್ದು ಫೈಬರ್ ಕಡಿದ ದಿನವಂತೂ ಎಲ್ಲವೂ ಸಮಾನವಾಗಿ ನಿಂತಿರುತ್ತವೆ. ನಾನು ಕೇಳುವುದು ಬೇರೆ ಪ್ರಶ್ನೆಗಳನ್ನು.

ನಿಮ್ಮ ಕೆಲಸ ಅದರಲ್ಲಿ ನಡೆಯುತ್ತದೆಯೇ? ಬ್ಯಾಂಕ್, ತೆರಿಗೆ, ಆಸ್ತಿಯ ದಾಖಲೆ, ಮಕ್ಕಳ ಪ್ರವೇಶದ ಅರ್ಜಿ ಇವು ನಿಲ್ಲಬಾರದು. ನಿಮ್ಮ ಯಂತ್ರದ ರ್‍ಯಾಮ್ ಎಷ್ಟು? ಅಂದರೆ ತೆರೆದ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಮೆಮೊರಿ. ನಾಲ್ಕು ಜಿಬಿ ಇರುವ ಹಳೆಯ ಲ್ಯಾಪ್‌ಟಾಪಿಗೂ ಹದಿನಾರು ಜಿಬಿಯ ಹೊಸತಕ್ಕೂ ಒಂದೇ ಸಲಹೆ ಕೊಡಲಾಗದು. ಇಂಟರ್ನೆಟ್ ಮನೆಯ ಫೈಬರಿನದೋ, ದಿನಕ್ಕೆ ಇಷ್ಟೇ ಎಂದು ಅಳೆದು ಕೊಡುವ ಮೊಬೈಲ್ ಡೇಟಾದ್ದೋ? ಜಾಹೀರಾತು ಮತ್ತು ಬೆನ್ನು ಹತ್ತುವ ಕಣ್ಣುಗಳನ್ನು ಎಷ್ಟರಮಟ್ಟಿಗೆ ಸಹಿಸುತ್ತೀರಿ? ಕನ್ನಡ ಓದುವುದು ಎಷ್ಟು? ಕೊನೆಯದು, ಹೆಚ್ಚಿನವರು ಯೋಚಿಸದೇ ಇರುವುದು: ಅದೇ ಯಂತ್ರದ ಮುಂದೆ ನಿಮ್ಮ ಹೊರತು ಇನ್ನು ಯಾರು ಕುಳಿತುಕೊಳ್ಳುತ್ತಾರೆ?

ಬೆಲೆಯ ಮಾತು ಇಲ್ಲಿಲ್ಲ, ಏಕೆಂದರೆ ಎಲ್ಲವೂ ಉಚಿತ. ಹಣದ ಬದಲು ನೀವು ಕೊಡುವುದು ರ್‍ಯಾಮ್, ಡೇಟಾ ಮತ್ತು ನಿಮ್ಮ ಓಡಾಟದ ಲೆಕ್ಕ.

ಚಾಸಿಯ ಕತೆ

ಮಂಗಳೂರು–ಉಡುಪಿ ಮಾರ್ಗದ ಎಕ್ಸ್‌ಪ್ರೆಸ್ ಬಸ್ಸುಗಳನ್ನು ನೋಡಿದ್ದೀರಿ. ಮಾಲೀಕರು ಬೇರೆ, ಬಣ್ಣ ಬೇರೆ, ಒಳಗಿನ ಹಾಡು ಬೇರೆ. ಕೆಳಗೆ ಬಗ್ಗಿ ನೋಡಿದರೆ ಚಾಸಿ ಮತ್ತು ಎಂಜಿನ್ ಅವೇ ಎರಡು ಮೂರು ಕಂಪೆನಿಗಳವು. ಬ್ರೌಸರ್‌ಗಳದ್ದೂ ಇದೇ ಕತೆ. ಪುಟವನ್ನು ಓದಿ ತೆರೆಯ ಮೇಲೆ ತೋರಿಸುವ ಒಳಗಿನ ಭಾಗವೇ ಅವುಗಳ ಎಂಜಿನ್. ಗೂಗಲ್ 2008ರಲ್ಲಿ ಕ್ರೋಮ್ ಬಿಡುಗಡೆ ಮಾಡಿದಾಗ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕ್ರೋಮಿಯಂ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಒಪೆರಾ 2013ರಲ್ಲಿ ತನ್ನದೇ ಎಂಜಿನ್ ಬಿಟ್ಟು ಈ ಚಾಸಿಯ ಮೇಲೆ ಹತ್ತಿತು. ಮೈಕ್ರೋಸಾಫ್ಟ್ ಕೆಲವು ವರ್ಷ ಹೆಣಗಿ, 2020ರ ಜನವರಿಯಲ್ಲಿ ಎಡ್ಜ್ ಅನ್ನೂ ಇದಕ್ಕೇ ಕೂರಿಸಿತು. ಬ್ರೇವ್, ವಿವಾಲ್ಡಿ, ಚೆನ್ನೈನ ಜೋಹೋ ಕಂಪೆನಿಯ ಉಲಾ ಎಲ್ಲವೂ ಇದೇ ಚಾಸಿಯ ಬಸ್ಸುಗಳು. ಬೇರೆ ಚಾಸಿಯಲ್ಲಿ ಓಡುವ ಪ್ರಮುಖ ಬ್ರೌಸರ್‌ಗಳು ಎರಡೇ: ಮೊಜಿಲ್ಲಾದ ಫೈರ್‌ಫಾಕ್ಸ್ ಮತ್ತು ಆಪಲ್ ಯಂತ್ರಗಳಲ್ಲಷ್ಟೇ ಸಿಗುವ ಸಫಾರಿ.

ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಕ್ರೋಮಿನಲ್ಲಿ ತೆರೆಯುವ ಸೈಟ್ ಎಡ್ಜಿನಲ್ಲಿಯೂ ಬ್ರೇವಿನಲ್ಲಿಯೂ ಹೆಚ್ಚು ಕಡಿಮೆ ಹಾಗೆಯೇ ತೆರೆಯುತ್ತದೆ. ಅವುಗಳ ನಡುವೆ ಆರಿಸುವಾಗ ನೀವು ನೋಡಬೇಕಾದದ್ದು ಎಂಜಿನ್ ಅಲ್ಲ. ಮಾಲೀಕರು ಯಾರು, ಟಿಕೆಟಿನ ಹಣ ಎಲ್ಲಿಂದ ಬರುತ್ತದೆ ಎಂಬುದು.

ಕ್ರೋಮ್: ಎಲ್ಲಿಗೂ ಹೋಗುವ ಬಸ್ಸು

ಸರಕಾರಿ ಪೋರ್ಟಲ್‌ಗಳನ್ನು ಕಟ್ಟುವವರು ಮೊದಲು ಪರೀಕ್ಷಿಸುವುದು ಕ್ರೋಮಿನಲ್ಲಿ. ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ ಎಂಬ ಸಂಶಯ ನನಗಿದೆ. ಆದ್ದರಿಂದ "ನನಗೆ ತಲೆನೋವು ಬೇಡ, ಕೆಲಸ ಆದರೆ ಸಾಕು" ಎನ್ನುವವರಿಗೆ ಕ್ರೋಮ್ ತಪ್ಪು ಆಯ್ಕೆಯೇನಲ್ಲ. ಇಂಗ್ಲಿಷ್ ಪುಟವನ್ನು ಒಂದೇ ಒತ್ತಿಗೆ ಕನ್ನಡಕ್ಕೆ ತಿರುಗಿಸುತ್ತದೆ. ಅನುವಾದ ಕೆಲವೊಮ್ಮೆ ನಗು ತರಿಸಿದರೂ ಅರ್ಥವಾಗುತ್ತದೆ.

ದೂರು ಎರಡು. ಮೊದಲನೆಯದು ರ್‍ಯಾಮ್. ಸುರಕ್ಷತೆಗಾಗಿ ಕ್ರೋಮ್ ಪ್ರತಿ ಸೈಟನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತದೆ. ಒಂದು ಕೋಣೆಗೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ತಾಗದು, ಆದರೆ ಕೋಣೆ ಹೆಚ್ಚಾದಷ್ಟೂ ಜಾಗ ಬೇಕು. ಬಳಸದ ಟ್ಯಾಬನ್ನು ಮಲಗಿಸುವ ಮೆಮೊರಿ ಸೇವರ್ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಅದು ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ಎರಡನೆಯದು ಮಾಲೀಕರ ಕಸುಬು. ಗೂಗಲ್‌ನ ಹೊಟ್ಟೆ ತುಂಬುವುದು ಜಾಹೀರಾತಿನಿಂದ, ಹಾಗಾಗಿ ಜಾಹೀರಾತನ್ನು ಬಿಗಿಯಾಗಿ ತಡೆಯುವ ಸಾಧನಗಳಿಗೆ ಕ್ರೋಮಿನಲ್ಲಿ ಜಾಗ ಕಿರಿದಾಗುತ್ತಾ ಬಂದಿದೆ. ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರ್‌ಗೆ ಜೋಡಿಸಿಕೊಳ್ಳುವ ಪುಟ್ಟ ಸಾಧನಗಳ ನಿಯಮ ಬದಲಾಗಿ, 2025ರ ಹೊತ್ತಿಗೆ ಯುಬ್ಲಾಕ್ ಒರಿಜಿನ್ ಎಂಬ ಒಳ್ಳೆಯ ತಡೆಗಾರ ಅದರಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಅದರ ಹಗುರ ರೂಪವೊಂದು ಉಳಿದಿದೆ, ಆದರೆ ಮೊದಲಿನಷ್ಟು ಬಲವಿಲ್ಲ.

ಇನ್‌ಕಾಗ್ನಿಟೋ ಕಿಟಕಿಯ ಬಗ್ಗೆ ಒಂದು ಮಾತು. ಅದು ನಿಮ್ಮ ಓಡಾಟವನ್ನು ಮರೆಮಾಡುವುದು ಅದೇ ಯಂತ್ರವನ್ನು ಬಳಸುವ ಮನೆಯವರಿಂದ ಮಾತ್ರ. ಇಂಟರ್ನೆಟ್ ಕೊಡುವ ಕಂಪೆನಿಗೆ, ನೀವು ಹೋದ ಸೈಟಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನಿಮ್ಮ ಜಾಡು ಸಿಗುತ್ತದೆ. ಹೆಚ್ಚಿನ ಬ್ರೌಸರ್‌ಗಳ ಖಾಸಗಿ ಕಿಟಕಿಯೂ ಇಷ್ಟೇ.

ಎಡ್ಜ್: ವಾಚಾಳಿ, ಆದರೆ ಉಪಕಾರಿ

ವಿಂಡೋಸ್ ಜೊತೆಗೇ ಬರುವುದರಿಂದ ಎಡ್ಜ್ ಎಂದರೆ ಅನೇಕರಿಗೆ ತಾತ್ಸಾರ. ಕ್ರೋಮ್ ಇಳಿಸಿಕೊಳ್ಳಲು ಒಮ್ಮೆ ತೆರೆದು ಮತ್ತೆ ಮುಟ್ಟದವರೇ ಹೆಚ್ಚು. ನನಗೂ ಹಾಗೆಯೇ ಇತ್ತು. ಅಭಿಪ್ರಾಯ ಬದಲಾದದ್ದು ಎರಡು ಕಾರಣಕ್ಕೆ.

ಒಂದು, ಅದು ಕನ್ನಡವನ್ನು ಓದಿ ಹೇಳುತ್ತದೆ. ಪುಟ ತೆರೆದು "ಗಟ್ಟಿಯಾಗಿ ಓದು" ಎಂಬ ಗುಂಡಿ ಒತ್ತಿದರೆ ಸಪ್ನಾ ಅಥವಾ ಗಗನ್ ಎಂಬ ಹೆಸರಿನ ಧ್ವನಿ ಕನ್ನಡ ಲೇಖನವನ್ನು ಮನುಷ್ಯರಂತೆಯೇ ಓದುತ್ತದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನನ್ನ ಸೋದರಮಾವನಿಗೆ ಇದನ್ನು ತೋರಿಸಿಕೊಟ್ಟೆ. ಈಗ ಅವರು ಬೆಳಗಿನ ಕಾಫಿಯ ಹೊತ್ತಿಗೆ ಉದಯವಾಣಿಯ ಸೈಟನ್ನು ತೆರೆದು ಸಪ್ನಾಳಿಂದ ಸುದ್ದಿ ಕೇಳುತ್ತಾರೆ, ಊರ ಹೆಸರುಗಳನ್ನು ಅವಳು ತಪ್ಪಾಗಿ ಹೇಳಿದಾಗ ತಿದ್ದುತ್ತಾರೆ. ಆಯ್ದ ಪುಟಗಳಲ್ಲಿ ಜಾಹೀರಾತು ಕಳೆದು ಬರಹವನ್ನಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸುವ ಓದುವ ನೋಟವೂ ಇದರಲ್ಲಿದೆ. ವಯಸ್ಸಾದವರಿರುವ ಮನೆಗೆ ಇದೊಂದೇ ಕಾರಣಕ್ಕೆ ಎಡ್ಜ್ ಸಾಕು.

ಎರಡು, ಮೈಕ್ರೋಸಾಫ್ಟಿನದೇ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) 2022ರ ಜೂನ್ 15ರಂದು ನಿವೃತ್ತಿಯಾಯಿತು. ಆದರೆ ಅದಕ್ಕಾಗಿಯೇ ಬರೆದ ಒಳಜಾಲಗಳು ಕೆಲವು ಕಚೇರಿಗಳಲ್ಲಿ ಇನ್ನೂ ಜೀವ ಹಿಡಿದಿವೆ. ಅವುಗಳಿಗಾಗಿ ಎಡ್ಜಿನಲ್ಲಿ ಐಇ ಮೋಡ್ ಎಂಬ ಹಿಂಬಾಗಿಲು ಇದೆ. ಲೆಕ್ಕಪರಿಶೋಧಕರ, ಗುತ್ತಿಗೆದಾರರ ಕಚೇರಿಗಳಲ್ಲಿ ಇದರ ಅಗತ್ಯ ಬೀಳಬಹುದು.

ತೊಂದರೆಯೆಂದರೆ ಎಡ್ಜ್ ಸುಮ್ಮನಿರುವುದಿಲ್ಲ. ಮೊದಲ ಪುಟದಲ್ಲಿ ಸಿನಿಮಾ ಸುದ್ದಿ, ಪಕ್ಕದಲ್ಲಿ ಕೋಪೈಲಟ್ ಎಂಬ ಎಐ ಸಹಾಯಕ, ಏನಾದರೂ ಕೊಳ್ಳಲು ಹೋದರೆ ಕೂಪನ್. ಹೊಸ ಯಂತ್ರ ಕೊಡುವಾಗ ನಾನು ಹತ್ತು ನಿಮಿಷ ಕುಳಿತು ಇವನ್ನೆಲ್ಲ ಬಂದ್ ಮಾಡಿಯೇ ಕೊಡುತ್ತೇನೆ. ಬಂದ್ ಮಾಡಿದ ಮೇಲೆ ಸಭ್ಯ ಬ್ರೌಸರ್. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ವಿಧಾನವೂ ಟ್ಯಾಬ್ ಮಲಗಿಸುವ ಸೌಲಭ್ಯವೂ ಇರುವುದರಿಂದ, ನಾಲ್ಕು ಜಿಬಿಯ ವಿಂಡೋಸ್ ಯಂತ್ರಕ್ಕೆ ಕ್ರೋಮಿಗಿಂತ ಇದನ್ನೇ ಸೂಚಿಸುತ್ತೇನೆ.

ಫೈರ್‌ಫಾಕ್ಸ್: ಬೇರೆ ದಾರಿಯವನು

ನನ್ನ ಸ್ವಂತ ಯಂತ್ರದಲ್ಲಿರುವುದು ಇದು, ಹಾಗಾಗಿ ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಲಾಭಕ್ಕಲ್ಲದ ಸಂಸ್ಥೆಯ ನೆರಳಿನಲ್ಲಿ, 2004ರಿಂದ, ಗೆಕೋ ಎಂಬ ಸ್ವಂತ ಎಂಜಿನ್ ಮೇಲೆ ಓಡುತ್ತಿದೆ. ಕನ್ನಡದ ಮೆನು ಕ್ರೋಮ್, ಎಡ್ಜ್‌ಗಳಲ್ಲಿಯೂ ಇದೆ. ಇಲ್ಲಿಯದು ಸ್ವಯಂಸೇವಕರು ಬಿಡುವಿನ ಹೊತ್ತಿನಲ್ಲಿ ಕುಳಿತು ಮಾಡಿದ ಕನ್ನಡ. ಯುಬ್ಲಾಕ್ ಒರಿಜಿನ್ ಪೂರ್ಣ ಬಲದಲ್ಲಿ ಕೆಲಸ ಮಾಡುವುದು ಇದರಲ್ಲಿ. ಆಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸಿಗೂ ಅದನ್ನು ಹಾಕಿಕೊಳ್ಳಬಹುದು, ಮೊಬೈಲಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಶನ್ ಎಂಬುದೇ ಇಲ್ಲ. ಡೇಟಾ ಅಳೆದು ಬಳಸುವವರಿಗೆ ಇದು ದೊಡ್ಡ ಉಳಿತಾಯ: ಸುದ್ದಿ ಸೈಟಿನಲ್ಲಿ ತಾನಾಗಿ ಓಡುವ ಜಾಹೀರಾತಿನ ವೀಡಿಯೊ ಬಾರದಿದ್ದರೆ ಡೇಟಾವೂ ಹೋಗುವುದಿಲ್ಲ, ಹೆಬ್ರಿ ಕಡೆಯ ಬಡಕಲು ಸಿಗ್ನಲ್ಲಿನಲ್ಲಿಯೂ ಪುಟ ತೆರೆಯುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಕಂಟೇನರ್. ಒಂದೇ ಕಿಟಕಿಯಲ್ಲಿ ಒಂದು ಟ್ಯಾಬ್ ಅಂಗಡಿಯ ಮೇಲ್‌ಗೆ, ಇನ್ನೊಂದು ಮನೆಯ ಮೇಲ್‌ಗೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಗೆರೆ, ಒಂದರ ಕುಕಿ (ಸೈಟು ನಿಮ್ಮನ್ನು ಗುರುತಿಸಲು ಬಿಟ್ಟುಹೋಗುವ ಚೀಟಿ) ಇನ್ನೊಂದಕ್ಕೆ ಕಾಣದು. ಇದಕ್ಕೆ ಮೊಜಿಲ್ಲಾದ್ದೇ ಎಕ್ಸ್‌ಟೆನ್ಶನ್ ಇದೆ. ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನು ಮೊಬೈಲಿಗೂ ಕಂಪ್ಯೂಟರಿಗೂ ಜೋಡಿಸಿಕೊಂಡಾಗ ಅವು ಮೊಜಿಲ್ಲಾಕ್ಕೂ ಓದಲಾಗದಂತೆ ಗೂಢಲಿಪಿಯಲ್ಲಿ ಹೋಗುತ್ತವೆ.

ಇನ್ನು ಕೊರತೆ. ಕೆಲವು ಪೋರ್ಟಲ್‌ಗಳು ಫೈರ್‌ಫಾಕ್ಸನ್ನು ಕಂಡ ಕೂಡಲೇ "ಕ್ರೋಮ್ ಬಳಸಿ" ಎಂದು ಬಾಗಿಲು ಹಾಕುತ್ತವೆ. ಯುಎಸ್‌ಬಿ ಟೋಕನ್ ಚುಚ್ಚಿ ಡಿಜಿಟಲ್ ಸಹಿ ಹಾಕುವ ಕೆಲಸದಲ್ಲಿ ಇದು ನನ್ನನ್ನು ಸತಾಯಿಸಿದ್ದಿದೆ. ನಂಬಿಕಸ್ಥ ಪ್ರಮಾಣಪತ್ರಗಳ ಪಟ್ಟಿಯನ್ನು ಫೈರ್‌ಫಾಕ್ಸ್ ತಾನೇ ಇಟ್ಟುಕೊಳ್ಳುತ್ತದೆ, ಸಹಿಯ ತಂತ್ರಾಂಶ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎರಡೂ ಮುಖ ತಿರುಗಿಸಿಕೊಳ್ಳುತ್ತವೆ. ಒಮ್ಮೆ ಟೆಂಡರ್ ಸಲ್ಲಿಕೆಯ ಕೊನೆಯ ಅರ್ಧ ಗಂಟೆಯಲ್ಲಿ ಗುತ್ತಿಗೆದಾರರೊಬ್ಬರು ಬೆವರುತ್ತಾ ಅಂಗಡಿಗೆ ಬಂದಿದ್ದರು. ಎಡ್ಜಿನಲ್ಲಿ ತೆರೆದು ಕೊಟ್ಟೆ, ಮುಗಿಯಿತು. ಪುಟದ ಅನುವಾದವನ್ನು ಫೈರ್‌ಫಾಕ್ಸ್ ಹೊರಗೆ ಕಳುಹಿಸದೆ ಯಂತ್ರದೊಳಗೇ ಮಾಡುತ್ತದೆ, ಇದು ಒಳ್ಳೆಯದೇ. ಆದರೆ ಗೂಗಲ್‌ನಷ್ಟು ಭಾಷೆಗಳಿಲ್ಲ. ಇನ್ನೊಂದು ವಿಪರ್ಯಾಸ: ಗೂಗಲ್‌ಗೆ ಎದುರು ನಿಂತಿರುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಗೂಗಲ್ ಹುಡುಕಾಟವನ್ನು ಡೀಫಾಲ್ಟ್ ಆಗಿ ಇಡುವ ಒಪ್ಪಂದದಿಂದ.

ಬ್ರೇವ್ ಮತ್ತು ಉಳಿದವರು

ಬ್ರೇವ್ ಕಟ್ಟಿದವರಲ್ಲಿ ಮುಖ್ಯರಾದ ಬ್ರೆಂಡನ್ ಐಕ್, 1995ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದವರು, ಮೊಜಿಲ್ಲಾದ ಸ್ಥಾಪಕರಲ್ಲಿಯೂ ಒಬ್ಬರು. ಇದರ ಗುಣ ಒಂದೇ ಸಾಲಿನದ್ದು: ಹಾಕಿಕೊಂಡ ಕ್ಷಣದಿಂದಲೇ ಜಾಹೀರಾತು ನಿಲ್ಲುತ್ತದೆ, ಬೇರೇನೂ ಜೋಡಿಸಬೇಕಿಲ್ಲ. ರಾತ್ರಿಯಿಡೀ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವ ನಮ್ಮ ಪಕ್ಕದ ಬೇಕರಿಯವರಿಗೆ ಇದನ್ನೇ ಹಾಕಿಕೊಟ್ಟೆ. ಭಾಗವತರ ಪದ್ಯದ ನಡುವೆ ಟೂತ್‌ಪೇಸ್ಟ್ ಬರುವುದು ನಿಂತಿತು. ಆದರೆ ಕಷ್ಟಪಟ್ಟು ಕ್ಯಾಮೆರಾ ಹೊತ್ತು ಬಯಲಾಟ ಚಿತ್ರಿಸುವ ಸಣ್ಣ ಚಾನೆಲಿನವರ ಕಾಸೂ ಅದರೊಂದಿಗೆ ನಿಂತಿತು ಎಂಬುದು ನನಗೆ ಆಮೇಲೆ ಹೊಳೆಯಿತು. ಮೆಚ್ಚಿನ ಚಾನೆಲ್ ಇದ್ದರೆ ವಿಳಾಸ ಟೈಪ್ ಮಾಡುವ ಪಟ್ಟಿಯಲ್ಲಿರುವ ಸಿಂಹದ ಚಿತ್ರ ಒತ್ತಿ ಯೂಟ್ಯೂಬಿಗೆ ತಡೆ ತೆಗೆಯಬಹುದು. ಬ್ರೇವ್ ಒಳಗಿರುವ ಕ್ರಿಪ್ಟೋ ವಾಲೆಟ್, ಬಹುಮಾನದ ನಾಣ್ಯ ಇತ್ಯಾದಿಗಳ ತಂಟೆಗೆ ಹೋಗಬೇಡಿ. ಮರೆಮಾಡಲು ಸೆಟ್ಟಿಂಗ್ಸ್ ಇದೆ.

ಒಪೆರಾ ಮಿನಿ ಇನ್ನೂ ಬದುಕಿದೆ. ತನ್ನ ಸರ್ವರಿನಲ್ಲಿ ಪುಟವನ್ನು ಹಿಂಡಿ, ಕುಗ್ಗಿಸಿ ಮೊಬೈಲಿಗೆ ಕಳುಹಿಸುತ್ತದೆ. ಘಟ್ಟದ ಬುಡದಲ್ಲಿ ಒಂದೇ ಗೆರೆ ಸಿಗ್ನಲ್ ಇರುವಲ್ಲಿ ಸುದ್ದಿ ಓದಲು ಸರಿ. ಪುಟ ನಡುವೆ ಬೇರೆಯವರ ಕೈ ದಾಟಿ ಬರುವುದರಿಂದ ಬ್ಯಾಂಕ್ ಕೆಲಸಕ್ಕೆ ಮಾತ್ರ ಬೇಡ. ಹಿಂದೆ ಇದೇ ಕೆಲಸಕ್ಕೆ ಎಲ್ಲರ ಮೊಬೈಲಿನಲ್ಲಿದ್ದ ಯುಸಿ ಬ್ರೌಸರ್ 2020ರ ಜೂನ್‌ನಲ್ಲಿ ನಿಷೇಧವಾದ 59 ಚೀನೀ ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿತು. ಅದನ್ನು ಯಾವುದೋ ಫೈಲ್ ಮೂಲಕ ಮತ್ತೆ ಹಾಕಿಸಿಕೊಂಡವರು ಈಗಲೂ ಸಿಗುತ್ತಾರೆ; ನಾನು ಕೇಳದೆಯೇ ಅಳಿಸುತ್ತೇನೆ.

ಉಲಾದ ಬಗ್ಗೆ ಈಚೆಗೆ ಹೆಚ್ಚು ವಿಚಾರಣೆ. ಕೇಂದ್ರ ಸರಕಾರ ನಡೆಸಿದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ 2025ರ ಮಾರ್ಚ್‌ನಲ್ಲಿ ಜೋಹೋಗೆ ಮೊದಲ ಬಹುಮಾನ ಬಂತು. ಕೆಲಸಕ್ಕೆ, ಸ್ವಂತಕ್ಕೆ, ಮಕ್ಕಳಿಗೆ ಬೇರೆ ಬೇರೆ ಮೋಡ್ ಇರುವುದು ಇದರ ಜಾಣತನ. ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದು, ಐದನೆಯ ತರಗತಿಯವಳಿಂದ ಹಿಡಿದು ಎಲ್ಲರೂ ಬಳಸುವುದಾದರೆ ಪ್ರಯತ್ನಿಸಿ ನೋಡಬಹುದು. ಸ್ವದೇಶಿ ಎಂದು ಕೊಂಡಾಡುವವರಿಗೆ ಒಂದು ಮಾತು: ಮೇಲಿನ ಕವಚ ನಮ್ಮದು, ಚಾಸಿ ಕ್ರೋಮಿಯಮ್ಮೇ.

ವಿವಾಲ್ಡಿ ಟ್ಯಾಬ್‌ಗಳನ್ನು ಹತ್ತು ಬಗೆಯಲ್ಲಿ ಜೋಡಿಸಲು ಇಷ್ಟಪಡುವವರಿಗೆ. ಅಂಥವರು ನನ್ನನ್ನು ಕೇಳಲು ಬರುವುದಿಲ್ಲ.

ಐಫೋನ್ ಇರುವವರು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಐಫೋನಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಒಳಗೂ ಇರುವುದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ. ಸಫಾರಿಯೇ ಸಾಕು.

2025ರಲ್ಲಿ ಬಂದ ಕಾಮೆಟ್, ಅಟ್ಲಾಸ್‌ನಂಥ ಎಐ ಬ್ರೌಸರ್‌ಗಳು ನಿಮ್ಮ ಪರವಾಗಿ ತಾವೇ ಗುಂಡಿ ಒತ್ತುತ್ತವೆ. ಪುಟದಲ್ಲಿ ಯಾರೋ ಅಡಗಿಸಿಟ್ಟ ಸಾಲನ್ನು ನಿಮ್ಮ ಆಜ್ಞೆಯೆಂದು ತಿಳಿದು ಅವು ದಾರಿ ತಪ್ಪುವ ಅಪಾಯ ನಿಜವಾದದ್ದು. ಆಟಕ್ಕೆ ಸರಿ, ಬ್ಯಾಂಕ್ ಪಾಸ್‌ವರ್ಡ್ ಕೊಡಬೇಡಿ.

ಬ್ಯಾಂಕಿಗೆ ಬೇರೆ, ಓದಿಗೆ ಬೇರೆ

ಒಂದನ್ನೇ ಆರಿಸಬೇಕೆಂಬ ಹಠವೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಯಂತ್ರದಲ್ಲಿ ಎರಡು ಇಡಿ. ಒಂದು ಬ್ಯಾಂಕ್ ಮತ್ತು ಸರಕಾರಿ ಕೆಲಸಕ್ಕೆ: ಎಡ್ಜ್ ಅಥವಾ ಕ್ರೋಮ್, ಒಂದೂ ಎಕ್ಸ್‌ಟೆನ್ಶನ್ ಇಲ್ಲದ ಬೋಳು ಸ್ಥಿತಿಯಲ್ಲಿ. ಇನ್ನೊಂದು ಓದು, ವೀಡಿಯೊ, ಹುಡುಕಾಟಕ್ಕೆ: ಫೈರ್‌ಫಾಕ್ಸ್ ಅಥವಾ ಬ್ರೇವ್. ಕಂಡ ಕಂಡ ಲಿಂಕ್ ಒತ್ತುವ ಕಿಟಕಿಗೂ ಹಣ ಕಳುಹಿಸುವ ಕಿಟಕಿಗೂ ನಡುವೆ ಗೋಡೆ ಇರಲಿ.

ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಇದು ಹೆಚ್ಚು ಮುಖ್ಯ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂದು ಐದು ಬ್ಯಾಂಕ್ ಹುಟ್ಟಿದ ನೆಲ ಇದು. 2019 ಮತ್ತು 2020ರ ವಿಲೀನಗಳಲ್ಲಿ ಮೂರರ ಹೆಸರು ಹೋಯಿತು, ಹೆಸರಿನೊಂದಿಗೆ ವೆಬ್ ವಿಳಾಸಗಳೂ ಹೋದವು. ಹಳೆಯ ಖಾತೆದಾರರು ಈಗಲೂ ಹಳೆಯ ಬ್ಯಾಂಕಿನ ಹೆಸರನ್ನೇ ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತುತ್ತಾರೆ. ನಕಲಿ ಸೈಟಿನವರು ಕಾದಿರುವುದು ಅದಕ್ಕೇ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕಿತ್ತು. ಆ ಕೊನೆಯನ್ನು ನೋಡಿಕೊಂಡು, ಒಮ್ಮೆ ಕೈಯಾರೆ ಟೈಪ್ ಮಾಡಿ ಬುಕ್‌ಮಾರ್ಕ್ ಇಟ್ಟುಕೊಳ್ಳಿ. ಆಮೇಲೆ ಹುಡುಕಬೇಡಿ.

ಯಂತ್ರ ತೀರ ಹಳೆಯದಾದರೆ ಆಯ್ಕೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ವಿಂಡೋಸ್ 7ಕ್ಕೆ ಕ್ರೋಮ್ 2023ರಲ್ಲಿಯೇ ಬಾಗಿಲು ಮುಚ್ಚಿದೆ, 109ನೆಯ ಆವೃತ್ತಿಯೇ ಕೊನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನು ಬಿಸಾಡುವ ಮೊದಲು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿಸಿ ನೋಡಿ; ಫೈರ್‌ಫಾಕ್ಸ್ ಅದರೊಂದಿಗೇ ಬರುತ್ತದೆ, ಓದಲು, ಮೇಲ್ ನೋಡಲು ಇನ್ನೂ ಕೆಲವು ವರ್ಷ ಓಡುತ್ತದೆ.

ಮಣಿಪಾಲದಲ್ಲಿ ಓದುವ ಮಕ್ಕಳು ಒಂದೇ ಲ್ಯಾಪ್‌ಟಾಪ್ ಹಂಚಿಕೊಳ್ಳುವುದಿದ್ದರೆ, ಬ್ರೌಸರ್ ಬದಲಿಸುವುದಕ್ಕಿಂತ ಅದೇ ಬ್ರೌಸರಿನೊಳಗೆ ಒಬ್ಬೊಬ್ಬರಿಗೂ ಪ್ರೊಫೈಲ್ (ಅವರವರ ಪ್ರತ್ಯೇಕ ಖಾತೆ) ಬೇರೆ ಮಾಡಿಕೊಳ್ಳುವುದು ಮೇಲು. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರ ಕಣ್ಣಿಗೆ ಎದುರಾಗುವುದಿಲ್ಲ. ಸೈಬರ್ ಸೆಂಟರಿನ ಯಂತ್ರದಲ್ಲಾದರೆ ಗೆಸ್ಟ್ ಕಿಟಕಿ ತೆರೆಯಿರಿ, "ಪಾಸ್‌ವರ್ಡ್ ಉಳಿಸಲೇ" ಎಂದು ಕೇಳಿದರೆ ಬೇಡ ಎನ್ನಿ.

ಬದಲಿಸಲು ಹೆದರಬೇಕಿಲ್ಲ. ಹೊಸ ಬ್ರೌಸರ್ ಮೊದಲ ಸಲ ತೆರೆದಾಗ ಹಳೆಯದರ ಬುಕ್‌ಮಾರ್ಕ್ ತರಲೇ ಎಂದು ಅದೇ ಕೇಳುತ್ತದೆ. ಹದಿನೈದು ದಿನ ಬಳಸಿ ನೋಡಿ, ಹಿಡಿಸದಿದ್ದರೆ ಹಳೆಯದು ಅಲ್ಲೇ ಇರುತ್ತದೆ. ಯಾವುದನ್ನೇ ಇಟ್ಟುಕೊಂಡರೂ ಎರಡು ಕೆಲಸ ಇವತ್ತೇ ಮಾಡಿ. ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಗುರುತಿಲ್ಲದ ಸೈಟುಗಳನ್ನೆಲ್ಲ ತೆಗೆದುಹಾಕಿ. ನನ್ನ ಅಂಗಡಿಗೆ ಬರುವ ಖರ್ಚು ಉಳಿಯುತ್ತದೆ. ತೆರೆಯುವಾಗ ಹಿಂದಿನ ಟ್ಯಾಬ್‌ಗಳನ್ನು ಮರಳಿ ತರುವ ಆಯ್ಕೆಯನ್ನು ಗುರುತು ಮಾಡಿ. ಕರೆಂಟು ಹೋಗಿ ಬಂದಾಗ ಪುಟಗಳು ಹಾಗೆಯೇ ಎದ್ದು ಕೂರುತ್ತವೆ. ಅರ್ಧ ತುಂಬಿದ ಅರ್ಜಿ ಮಾತ್ರ ಯಾವ ಬ್ರೌಸರಿನಲ್ಲಿಯೂ ಮರಳಿ ಬರುತ್ತದೆಂಬ ಭರವಸೆ ಇಲ್ಲ. ಪಡುವಣದಲ್ಲಿ ಗುಡುಗು ಕೇಳಿದರೆ ಮೊದಲು ಉಳಿಸುವ ಗುಂಡಿ ಒತ್ತಿ, ಆಮೇಲೆ ಚಾರ್ಜರ್ ಮತ್ತು ರೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ.